ಜೂನ್ ಒಂದರಂದು ಹುಟ್ಟಿದವರ ತರಗತಿ

ಪದವಿ ತರಗತಿಗೆ ಬಾಲ್ಯ ಮತ್ತು ಯೌವನದ ಬಗ್ಗೆ ಪಾಠ ಮಾಡುತ್ತೇನೆ ಎಂದರೆ ಹೆಚ್ಚಿನವರು ಕೇಳುವುದು, ಅದು ಬಿ.ಎಡ್.ನವರು ಓದುವುದಲ್ಲವೇ ಎಂದು. ಗೃಹವಿಜ್ಞಾನದವರದು ಎನ್ನುವವರಿದ್ದಾರೆ, ಮನಶ್ಶಾಸ್ತ್ರದವರದು ಎನ್ನುವವರೂ ಇದ್ದಾರೆ. ಯಾರೂ ಪೂರ್ತಿ ತಪ್ಪಲ್ಲ. ನಮ್ಮ ಕಾಲೇಜುಗಳಲ್ಲಿ ಮಗು ಹರಿದು ಹಂಚಿಹೋಗಿದೆ. ಅದರ ಪೌಷ್ಟಿಕತೆ ಗೃಹವಿಜ್ಞಾನಕ್ಕೆ, ಬುದ್ಧಿ ಮನಶ್ಶಾಸ್ತ್ರಕ್ಕೆ, ಹಕ್ಕು ಕಾನೂನು ಕಾಲೇಜಿಗೆ, ಕೂಲಿ ಅರ್ಥಶಾಸ್ತ್ರಕ್ಕೆ, ಪದ್ಯ ಕನ್ನಡ ವಿಭಾಗಕ್ಕೆ. ಇವನ್ನೆಲ್ಲ ಒಂದೇ ಕಡೆ ತರುವ ಕೆಲಸ ಹೊರಗೆ ಬಹಳ ಹಿಂದೆಯೇ ಶುರುವಾಗಿದೆ. ನ್ಯೂಯಾರ್ಕಿನ ಬ್ರೂಕ್ಲಿನ್ ಕಾಲೇಜು 1991ರಲ್ಲಿ ಮಕ್ಕಳ ಅಧ್ಯಯನಕ್ಕೆಂದೇ ಒಂದು ಕಾರ್ಯಕ್ರಮ ತೆರೆಯಿತು. ರಟ್ಗರ್ಸ್ ವಿಶ್ವವಿದ್ಯಾಲಯದ ಕ್ಯಾಮ್ಡೆನ್ ಕ್ಯಾಂಪಸ್ಸಿನಲ್ಲಿ 2007ರಿಂದ ಬಾಲ್ಯ ಅಧ್ಯಯನದಲ್ಲಿಯೇ ಪಿಎಚ್.ಡಿ. ಮಾಡಬಹುದು.

ನಮ್ಮಲ್ಲಿ ಬಾಗಿಲು ತೆರೆದದ್ದು ಬೇರೆ ರೀತಿಯಲ್ಲಿ. 2021ರಲ್ಲಿ ಕರ್ನಾಟಕ ಹೊಸ ಶಿಕ್ಷಣ ನೀತಿಯನ್ನು ಪದವಿ ಕಾಲೇಜುಗಳಿಗೆ ತಂದಾಗ ‘ಓಪನ್ ಎಲೆಕ್ಟಿವ್’ ಬಂತು. ಬಿ.ಕಾಂ. ಹುಡುಗನೂ ಬಿ.ಎಸ್ಸಿ. ಹುಡುಗಿಯೂ ಬಿ.ಎ.ನವರ ಜೊತೆ ಒಂದೇ ಬೆಂಚಿನಲ್ಲಿ ಕೂತರು. 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು, ಪತ್ರಿಕೆಗಳ ಹೆಸರು ಬದಲಾದವು. ಹೆಸರು ಏನೇ ಇರಲಿ, ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುವ ನಾನು, ಕನ್ನಡ, ಮನಶ್ಶಾಸ್ತ್ರ ಮತ್ತು ಅರ್ಥಶಾಸ್ತ್ರದ ಸಹೋದ್ಯೋಗಿಗಳ ಜೊತೆ ಈ ಪಾಠವನ್ನು ಬಿಟ್ಟಿಲ್ಲ. ಇದನ್ನು ಶುರು ಮಾಡಬೇಕೆಂದಿರುವ ಅಧ್ಯಾಪಕರಿಗೆ ಉಪಯೋಗವಾಗಲಿ ಎಂದು ಕಲಿತದ್ದನ್ನು ಬರೆಯುತ್ತಿದ್ದೇನೆ.

ನಮ್ಮ ಶಾಲೆಗಳ ಗೋಡೆಯ ಮೇಲೆ ‘ಇಂದಿನ ಮಕ್ಕಳೇ ನಾಳಿನ ಪ್ರಜೆಗಳು’ ಎಂದು ಬರೆದಿರುತ್ತದೆ. ಈ ವಿಷಯ ಕಲಿಸುವುದಕ್ಕೆ ದೊಡ್ಡ ಅಡ್ಡಿ ಅದೇ ಸಾಲು. ಅದು ಮಗುವನ್ನು ನಾಳೆಗೆ ಮುಂದೂಡುತ್ತದೆ. ಇವತ್ತು ಅದು ಏನು ಮಾಡುತ್ತಿದೆ, ಏನು ತಿನ್ನುತ್ತಿದೆ, ಯಾರಿಗೆ ಹೆದರುತ್ತಿದೆ ಎಂದು ಕೇಳುವುದೇ ಇಲ್ಲ. ಕೆಳಗಿನ ಪಾಠಗಳೆಲ್ಲ ಹೇಗೋ ಒಂದು ಬಗೆಯಲ್ಲಿ ಆ ಸಾಲಿನ ಜೊತೆಗಿನ ಜಗಳ.

1. ಸಿದ್ಧಾಂತ ಆಮೇಲೆ, ಮೊದಲು ಹುಟ್ಟಿದ ತಾರೀಖು

ಮೊದಲ ತರಗತಿಗೆ ಮನೆಯ ಹಿರಿಯರ ಆಧಾರ್ ಕಾರ್ಡಿನಲ್ಲಿರುವ ಜನ್ಮದಿನಾಂಕ ಬರೆದುಕೊಂಡು ಬರಲು ಹೇಳಿ. ಅಪ್ಪ, ಅಮ್ಮ, ದೊಡ್ಡಪ್ಪ, ಅತ್ತೆ, ಯಾರಾದರೂ ಆದೀತು. ಬೋರ್ಡಿನ ಮೇಲೆ ಬರೆಯುತ್ತಾ ಹೋದರೆ ಜೂನ್ 1 ಮತ್ತೆ ಮತ್ತೆ ಬರುತ್ತದೆ. ಹುಡುಗರು ನಗುತ್ತಾರೆ. ಊರಿನ ಅರ್ಧ ಜನ ಒಂದೇ ದಿನ ಹುಟ್ಟಿದರೇ ಸಾರ್ ಎನ್ನುತ್ತಾರೆ. ಕಾರಣ ಅವರ ಮನೆಯಲ್ಲೇ ಗೊತ್ತಿರುತ್ತದೆ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ಸಾಕಾಗಬೇಕು, ಮನೆಯಲ್ಲಿ ದಾಖಲೆ ಇಲ್ಲ, ಹೆಡ್‌ಮೇಷ್ಟ್ರು ಮಗುವಿನ ಮುಖ ನೋಡಿ ಒಂದು ವರ್ಷ ಅಂದಾಜು ಮಾಡಿ ಜೂನ್ 1 ಎಂದು ಬರೆದರು. ಆ ಬರವಣಿಗೆಯೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಮತದಾರರ ಪಟ್ಟಿ, ಸರ್ಕಾರಿ ನೌಕರಿ, ನಿವೃತ್ತಿ ಎಲ್ಲಕ್ಕೂ ಆಧಾರವಾಯಿತು. ಜನನ ಮರಣ ನೋಂದಣಿ ಕಾಯ್ದೆ 1969ರಲ್ಲೇ ಬಂದಿದ್ದರೂ ಅದು ಹಳ್ಳಿಯ ಹೊಸಿಲು ದಾಟಲು ಬಹಳ ಕಾಲ ಹಿಡಿಯಿತು.

ಇಲ್ಲಿಂದ ಜನಗಣತಿಗೆ ಹೋಗುವುದು ಸುಲಭ. ನಮ್ಮ ಗಣತಿಯ ವಯೋವಾರು ಪಟ್ಟಿಯಲ್ಲಿ 30, 35, 40, 45ರ ಎದುರು ಸಂಖ್ಯೆ ಏಕಾಏಕಿ ಉಬ್ಬಿರುತ್ತದೆ, ಪಕ್ಕದ 31, 36, 41 ಸೊರಗಿರುತ್ತವೆ. ಜನ ತಮ್ಮ ವಯಸ್ಸನ್ನು ದುಂಡಗೆ ಹೇಳುತ್ತಾರೆ. ಬಿ.ಎಸ್ಸಿ.ಯವರಿಗೆ ಇದನ್ನು ಅಳೆಯುವ ಸೂಚ್ಯಂಕ ಲೆಕ್ಕ ಹಾಕಲು ಕೊಡಿ, ಖುಷಿಯಿಂದ ಮಾಡುತ್ತಾರೆ.

ಇಷ್ಟಾದ ಮೇಲೆ ಫಿಲಿಪ್ ಏರಿಯಸ್ ಹೆಸರು ಹೇಳಿ. ಈ ಫ್ರೆಂಚ್ ಇತಿಹಾಸಕಾರ 1960ರಲ್ಲಿ, ಬಾಲ್ಯವನ್ನು ಬದುಕಿನ ಪ್ರತ್ಯೇಕ ಹಂತವೆಂದು ಕಾಣುವುದು ಯುರೋಪಿನಲ್ಲಿ ಕ್ರಮೇಣ, ಶಾಲೆ ಮತ್ತು ಕುಟುಂಬ ಬದಲಾದಂತೆ ಬೆಳೆದದ್ದು ಎಂದು ವಾದಿಸಿದರು. ಲಿಂಡಾ ಪೊಲಾಕ್ ತರಹದವರು 1983ರಲ್ಲಿ ಹಳೆಯ ದಿನಚರಿಗಳನ್ನು ಮುಂದಿಟ್ಟು, ತಂದೆತಾಯಿಗಳು ಹಿಂದೆಯೂ ಮಕ್ಕಳನ್ನು ಮಕ್ಕಳಂತೆಯೇ ಕಂಡಿದ್ದಾರೆ ಎಂದು ತಿರುಗಿ ಹೇಳಿದರು. ಈ ವಾದ ಪುಸ್ತಕದಿಂದ ಶುರುವಾಗಿದ್ದರೆ ಹಿಂದಿನ ಬೆಂಚು ನಿದ್ದೆ ಹೋಗುತ್ತಿತ್ತು. ಅಪ್ಪನ ಜೂನ್ ಒಂದರಿಂದ ಶುರುವಾದರೆ ಕೇಳಿಸಿಕೊಳ್ಳುತ್ತಾರೆ.

2. ಕಾನೂನಿನ ವಯಸ್ಸುಗಳನ್ನೆಲ್ಲ ಒಂದೇ ಬೋರ್ಡಿನ ಮೇಲೆ ಬರೆಯಿರಿ

ಶಿಕ್ಷಣ ಹಕ್ಕು ಕಾಯ್ದೆ (2009) 6ರಿಂದ 14. ಬಾಲಕಾರ್ಮಿಕ ಕಾಯ್ದೆ 2016ರ ತಿದ್ದುಪಡಿಯ ನಂತರ 14ರೊಳಗಿನವರ ದುಡಿಮೆಗೆ ನಿಷೇಧ, 14ರಿಂದ 18ರವರಿಗೆ ಅಪಾಯಕಾರಿ ಕೆಲಸಕ್ಕೆ ಮಾತ್ರ ನಿಷೇಧ. ಪೋಕ್ಸೊ (2012) 18. ಬಾಲನ್ಯಾಯ ಕಾಯ್ದೆ (2015) 18, ಆದರೆ ಘೋರ ಅಪರಾಧದಲ್ಲಿ 16 ತುಂಬಿದವರನ್ನು ದೊಡ್ಡವರಂತೆ ವಿಚಾರಣೆ ಮಾಡಬಹುದೇ ಎಂಬ ಪರಿಶೀಲನೆ ಉಂಟು. ಮದುವೆಗೆ ಹೆಣ್ಣಿಗೆ 18, ಗಂಡಿಗೆ 21. ಮತಕ್ಕೆ 18, ಅದೂ 61ನೇ ತಿದ್ದುಪಡಿ ಬಂದ ಮೇಲೆ. ಅದಕ್ಕೆ ಮುಂಚೆ 21. ಪಂಚಾಯಿತಿಗೆ ನಿಲ್ಲಲು 21, ವಿಧಾನಸಭೆಗೆ 25. ರಾಷ್ಟ್ರೀಯ ಯುವನೀತಿ 2003ರಲ್ಲಿ 13ರಿಂದ 35ರವರೆಗಿನವರನ್ನು ಯುವಜನ ಎಂದಿತ್ತು, 2014ರ ನೀತಿ 15ರಿಂದ 29 ಎಂದಿತು.

ಬೋರ್ಡು ತುಂಬಿದ ಮೇಲೆ ಕೇಳಿ, ಈ ಕೋಣೆಯಲ್ಲಿ ಮಗು ಯಾರು? ಪಿಯುಸಿ ಮುಗಿಸಿ ಬಂದ ಮೊದಲ ವರ್ಷದವರಲ್ಲಿ ಇನ್ನೂ 18 ತುಂಬದವರು ಇದ್ದೇ ಇರುತ್ತಾರೆ. ಕಾನೂನಿನ ಪ್ರಕಾರ ಅವರು ಮಕ್ಕಳು, ಯುವನೀತಿಯ ಪ್ರಕಾರ ಯುವಜನರು, ಮನೆಯಲ್ಲಿ ಕೆಲಸ ಹೇಳುವಾಗ ದೊಡ್ಡವರು, ಪ್ರವಾಸಕ್ಕೆ ಕಳಿಸುವಾಗ ಚಿಕ್ಕವರು.

ಪ್ರತಿ ಅಂಕಿಯ ಹಿಂದೆಯೂ ಒಂದು ಕಾಲದ ಗುದ್ದಾಟವಿದೆ. ಮದುವೆಯ ವಯಸ್ಸನ್ನೇ ನೋಡಿ. ಮೈಸೂರು ಸಂಸ್ಥಾನ 1894ರಲ್ಲಿ ಶಿಶುವಿವಾಹ ತಡೆಯುವ ನಿಬಂಧನೆ ತಂದಾಗ ನಿಷೇಧವಾದದ್ದು ಎಂಟು ತುಂಬದ ಹೆಣ್ಣುಮಕ್ಕಳ ಮದುವೆ. ಜೊತೆಗೆ ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವಂತಿರಲಿಲ್ಲ. ಇದನ್ನು ಆಗ ಬಹಳ ಮುಂದುವರಿದ ಕಾನೂನು ಎಂದು ಹೊಗಳಿದರು. 1929ರ ಶಾರದಾ ಕಾಯ್ದೆ ಹುಡುಗಿಗೆ 14, ಹುಡುಗನಿಗೆ 18 ಎಂದಿತು. ಇವತ್ತಿನ 18 ಮತ್ತು 21 ಬಂದದ್ದು 1978ರಲ್ಲಿ. ಕರ್ನಾಟಕ 2016ರ ತಿದ್ದುಪಡಿಯಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಲ್ಲಿ ನಡೆಯುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎಂದು ಬರೆದುಕೊಂಡಿದೆ.

ಈ ಬೋರ್ಡಿನಲ್ಲಿ ನಿಜಕ್ಕೂ ನಿಂತು ನೋಡಬೇಕಾದದ್ದು 14 ಮತ್ತು 18ರ ನಡುವಿನ ಖಾಲಿ ಜಾಗ. ಕಡ್ಡಾಯ ಶಿಕ್ಷಣದ ಹಕ್ಕು 14ಕ್ಕೆ ಮುಗಿಯುತ್ತದೆ. ಗಾರೆ ಕೆಲಸಕ್ಕಲ್ಲದಿದ್ದರೂ ಬಟ್ಟೆ ಅಂಗಡಿಗೆ ಸೇರಿಕೊಳ್ಳುವುದಕ್ಕೆ ಕಾಯ್ದೆಯ ಅಡ್ಡಿಯಿಲ್ಲ. ಶಾಲೆ ಬಿಡುವುದು ಇಲ್ಲೇ, ದುಡಿಮೆಗೆ ಹೋಗುವುದು ಇಲ್ಲೇ, ಹುಡುಗಿಯರಿಗೆ ಗಂಡು ಹುಡುಕುವುದೂ ಇಲ್ಲೇ. ಕಾನೂನಿನ ಕೈ ಸಡಿಲವಾಗುವ ವಯಸ್ಸೂ ಮನೆಯ ಕೈ ಬಿಗಿಯಾಗುವ ವಯಸ್ಸೂ ಒಂದೇ. ನಮ್ಮ ಸೆಮಿಸ್ಟರಿನ ಹೆಚ್ಚು ಗಂಟೆಗಳು ಈ ನಾಲ್ಕು ವರ್ಷಗಳ ಮೇಲೆಯೇ ಹೋಗುತ್ತವೆ. ಹೋಗಬೇಕು.

3. ಘಟಕ ಹಂಚಿಕೊಳ್ಳಬೇಡಿ, ಒಂದು ಮೊಟ್ಟೆ ಹಂಚಿಕೊಳ್ಳಿ

ಅಂತರ್‌ಶಿಸ್ತೀಯ ಎಂಬ ಹೆಸರಿನ ಪತ್ರಿಕೆಗಳು ಸಾಮಾನ್ಯವಾಗಿ ಹೀಗಿರುತ್ತವೆ: ಮೊದಲ ಘಟಕ ಮನಶ್ಶಾಸ್ತ್ರದವರಿಗೆ, ಎರಡನೆಯದು ಸಮಾಜಶಾಸ್ತ್ರದವರಿಗೆ, ಮೂರನೆಯದು ಕನ್ನಡದವರಿಗೆ. ಪ್ರತಿಯೊಬ್ಬರೂ ತಮ್ಮ ಪಾಲು ಮುಗಿಸಿ ಹಾಜರಿ ಹಾಕಿ ಹೋಗುತ್ತಾರೆ. ಜೋಡಿಸುವ ಕೆಲಸ ವಿದ್ಯಾರ್ಥಿಯ ತಲೆಗೆ ಬೀಳುತ್ತದೆ. ಅದರ ಬದಲು ಒಂದು ವಸ್ತುವನ್ನು ಮಧ್ಯದಲ್ಲಿಟ್ಟು ಎಲ್ಲರೂ ಸುತ್ತ ಕೂತರೆ ಬೇರೆಯದೇ ನಡೆಯುತ್ತದೆ.

ನಮಗೆ ತುಂಬ ಕೆಲಸಕ್ಕೆ ಬಂದದ್ದು ಬಿಸಿಯೂಟದ ಮೊಟ್ಟೆ. ಹಿನ್ನೆಲೆ ಹೀಗೆ. ಆಹಾರದ ಹಕ್ಕಿನ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2001ರ ನವೆಂಬರಿನಲ್ಲಿ, ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದ ಅಕ್ಷರ ದಾಸೋಹ 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಇಡೀ ರಾಜ್ಯಕ್ಕೆ ಹಬ್ಬಿತು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಕಡೆಯ ಮಕ್ಕಳಿಗೆ ಮೊಟ್ಟೆ ಕೊಡಲು ಹೊರಟಾಗ ಕೆಲವು ಮಠಾಧೀಶರು ವಿರೋಧಿಸಿದರು. ಮುಂದಿನ ವರ್ಷ ಯೋಜನೆ ರಾಜ್ಯಕ್ಕೆಲ್ಲ ಬಂತು. ಬೇಡವೆನ್ನುವವರಿಗೆ ಆಗ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಟ್ಟರು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ.

ಈಗ ಒಬ್ಬೊಬ್ಬರೂ ಮಾತಾಡಲಿ. ಪೌಷ್ಟಿಕತೆ ಓದಿದವರು ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಎನ್ನುತ್ತಾರೆ, ಬಾಳೆಹಣ್ಣಿನಲ್ಲಿ ಅದು ಒಂದು ಗ್ರಾಂ ಆಸುಪಾಸು ಎಂದು ಸೇರಿಸುತ್ತಾರೆ. ಅರ್ಥಶಾಸ್ತ್ರದವರು, ಸರ್ಕಾರ ಗೊತ್ತುಮಾಡಿದ ದರಕ್ಕಿಂತ ಪೇಟೆಯ ದರ ಏರಿದ ದಿನ ವ್ಯತ್ಯಾಸ ಯಾರ ಜೇಬಿನಿಂದ ಎಂದು ಕೇಳುತ್ತಾರೆ. ಉತ್ತರ ಬೇಕಿದ್ದರೆ ಯಾವುದೇ ಹೆಡ್‌ಮೇಷ್ಟ್ರನ್ನು ಕೇಳಿ. ರಾಜ್ಯಶಾಸ್ತ್ರದವರು ಶಾಲೆಯ ತಟ್ಟೆಯಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಯಾರು ಎನ್ನುತ್ತಾರೆ. ಸಮಾಜಶಾಸ್ತ್ರದವರು ಅಡುಗೆಯವರ ಜಾತಿ ಎತ್ತುತ್ತಾರೆ.

ಎಲ್ಲರ ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಹೇಳಿದ್ದು ನಾವು ಯಾರೂ ಯೋಚಿಸದಿದ್ದದ್ದು. ತಾನು ಓದಿದ ಶಾಲೆಯಲ್ಲಿ ಈಗ ಮೊಟ್ಟೆ ತಿನ್ನುವವರು ಒಂದು ಸಾಲು, ಬಾಳೆಹಣ್ಣಿನವರು ಇನ್ನೊಂದು ಸಾಲು. ಅಲ್ಲೇ ಓದುವ ತನ್ನ ತಮ್ಮ ಯಾವ ಸಾಲಿಗೆ ಹೋಗಬೇಕೆಂಬುದು ಅವನಿಗೆ ಮೊಟ್ಟೆ ಇಷ್ಟವೋ ಇಲ್ಲವೋ ಎಂಬುದರಿಂದ ತೀರ್ಮಾನವಾಗುವುದಿಲ್ಲ, ಪಕ್ಕದ ಮನೆಯ ಹುಡುಗ ಯಾವ ಸಾಲಿನಲ್ಲಿದ್ದಾನೆ, ಯಾರು ನೋಡುತ್ತಿದ್ದಾರೆ ಎಂಬುದರಿಂದ ಆಗುತ್ತದೆ ಎಂದಳು. ಎಂಟು ವರ್ಷದ ಹುಡುಗ ಪ್ರತಿದಿನ ಮಧ್ಯಾಹ್ನ ಜಾತಿ, ಹಸಿವು, ನಾಲಿಗೆ, ಸ್ನೇಹ ನಾಲ್ಕನ್ನೂ ತೂಗಿ ಒಂದು ನಿರ್ಧಾರ ಮಾಡುತ್ತಾನೆ. ದೊಡ್ಡವರ ವಾದಗಳಲ್ಲಿ ಅವನ ನಿರ್ಧಾರಕ್ಕೆ ಜಾಗವೇ ಇರಲಿಲ್ಲ. ಬಾಲ್ಯ ಅಧ್ಯಯನ ಎಂಬ ಪ್ರತ್ಯೇಕ ವಿಷಯ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಇದೇ.

4. ಅಧ್ಯಾಪಕರು ವಿದ್ಯಾರ್ಥಿಗಳ ಎದುರಿಗೇ ಜಗಳವಾಡಲಿ

ಹದಿಹರೆಯ ಎಂದರೆ ಬಿರುಗಾಳಿ, ಒತ್ತಡ ಎಂದು ಅಮೆರಿಕದ ಜಿ. ಸ್ಟ್ಯಾನ್ಲಿ ಹಾಲ್ 1904ರಲ್ಲಿ ಬರೆದರು. ಮಾರ್ಗರೆಟ್ ಮೀಡ್ ಸಮೋವಾ ದ್ವೀಪಕ್ಕೆ ಹೋಗಿ ಬಂದು 1928ರಲ್ಲಿ, ಅಲ್ಲಿನ ಹುಡುಗಿಯರಿಗೆ ಅಂಥ ಬಿರುಗಾಳಿಯೇನೂ ಇಲ್ಲ, ಇದು ನಮ್ಮ ಸಮಾಜದ ತೊಂದರೆ ಎಂದರು. ಡೆರೆಕ್ ಫ್ರೀಮನ್ 1983ರಲ್ಲಿ ಮೀಡ್ ಹೇಳಿದ್ದು ಸರಿಯಿಲ್ಲ ಎಂದರು. ಇವರ ಜಗಳ ಇನ್ನೂ ಮುಗಿದಿಲ್ಲ. ನಮ್ಮ ಮನಶ್ಶಾಸ್ತ್ರದ ಮೇಡಂ ಮತ್ತು ನಾನು ಒಂದೇ ಗಂಟೆಯಲ್ಲಿ ಇಬ್ಬರೂ ನಿಂತು ವಾದ ಮಾಡುತ್ತೇವೆ. ಪರೀಕ್ಷೆಗೆ ಯಾವ ಉತ್ತರ ಬರೆಯಬೇಕು ಎಂದು ಕೇಳುತ್ತಾರೆ. ಎರಡನ್ನೂ ಬರೆದು ನಿನ್ನ ತಂಗಿಗೆ ಯಾವುದು ಹೊಂದುತ್ತದೆ ಹೇಳು ಎನ್ನುತ್ತೇವೆ.

5. ಕತೆ ಕಾದಂಬರಿಗಳನ್ನು ಸಾಕ್ಷಿಯಾಗಿ ಓದಿಸಿ

ಕನ್ನಡದ ಮೇಷ್ಟ್ರನ್ನು ಕರೆಯುವುದು ಪಾಠ ಬೇಸರವಾಗದಿರಲಿ ಎಂದು ಒಂದು ಶಿಶುಗೀತೆ ಹಾಡಿಸುವುದಕ್ಕಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಸತ್ಯಸಂಧತೆಗಾಗಿ ನಾವೆಲ್ಲ ಓದಿದ್ದೇವೆ. ಲೋಹಿತಾಶ್ವನ ಕಡೆಯಿಂದ ಓದಿದರೆ ಅದು ಸಾಲಕ್ಕೆ ಮಾರಿಹೋದ ಹುಡುಗನ ಕತೆ. ಅಪ್ಪ ಕೊಟ್ಟ ಮಾತಿಗೆ ಅವನು ಜೀತಕ್ಕೆ ಬಿದ್ದ, ಒಡೆಯನ ಮನೆಗೆ ದರ್ಭೆ ತರಲು ಹೋದಲ್ಲಿ ಹಾವು ಕಚ್ಚಿ ಸತ್ತ. ಕೆಲಸ ಮುಗಿಸದೆ ಮಗನ ಹೆಣ ಹುಡುಕಲು ಹೋಗುವ ಹಾಗಿಲ್ಲ ಎಂದು ತಾಯಿಗೆ ಹೇಳಿದರು. ಬಾಲಕಾರ್ಮಿಕ ಕಾಯ್ದೆಯ ಪಾಠದ ಮಾರನೆಯ ದಿನ ಇದನ್ನು ಓದಿಸಿದರೆ ತರಗತಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡುವುದಿಲ್ಲ.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976) ಚಿಕ್ಕಂದಿನಲ್ಲೇ ವಿಧವೆಯಾದವಳ ಬದುಕು. 1894ರ ಮೈಸೂರಿನ ನಿಬಂಧನೆಯ ಜೊತೆ ಇದನ್ನು ಇಟ್ಟು ನೋಡಬೇಕು. ಅನಂತಮೂರ್ತಿಯವರ ಕತೆಯಿಂದ ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ದಲ್ಲಿ ದೊಡ್ಡವರ ಲೋಕದ ಕ್ರೌರ್ಯವನ್ನು ನಾವು ನೋಡುವುದು ವೇದಪಾಠಕ್ಕೆ ಬಂದ ಪುಟ್ಟ ನಾಣಿಯ ಕಣ್ಣಿನಿಂದ. ಅದನ್ನು ತರಗತಿಯಲ್ಲಿ ಪೂರ್ತಿ ತೋರಿಸಿ, ತುಣುಕು ಬೇಡ.

ಇನ್ನೊಂದು ಕಡೆ ಮಕ್ಕಳಿಗಾಗಿಯೇ ಬರೆದವರು. ಪಂಜೆ ಮಂಗೇಶರಾಯರು 1921ರಲ್ಲಿ ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿದರು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ ‘ಬಾಲ ಪ್ರಪಂಚ’ ತಂದರು. ದೊಡ್ಡ ಕೆಲಸಗಳು. ಆ ಕಾಲದಲ್ಲಿ ಆ ಪುಸ್ತಕ ಯಾವ ಮಕ್ಕಳ ಕೈಗೆ ಸಿಗುತ್ತಿತ್ತು ಎಂದು ಕೇಳುವುದು ಅವರಿಗೆ ಅಗೌರವವಲ್ಲ. ಉತ್ತರ ಸಿದ್ಧಲಿಂಗಯ್ಯನವರ ‘ಊರುಕೇರಿ’ಯಲ್ಲಿ, ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಲ್ಲಿ ಸಿಗುತ್ತದೆ. ಒಂದು ಎಚ್ಚರವನ್ನು ಮಾತ್ರ ಬಿಡಬಾರದು: ಇವೆಲ್ಲ ದೊಡ್ಡವರಾದ ಮೇಲೆ ನೆನೆದು ಬರೆದವು. ಮಗು ಮಗುವಾಗಿದ್ದಾಗಲೇ ಬರೆದದ್ದು ಬೇಕಿದ್ದರೆ ಸರ್ಕಾರಿ ಶಾಲೆಯ ಗೋಡೆಪತ್ರಿಕೆಗಳನ್ನು, ಹಳೆಯ ನೋಟ್‌ಬುಕ್ಕಿನ ಕೊನೆಯ ಹಾಳೆಗಳನ್ನು ನೋಡಬೇಕು. ನಮ್ಮ ವಿದ್ಯಾರ್ಥಿಗಳು ಅವನ್ನು ತಂದಿದ್ದಾರೆ. ಪಂಡಿತರು ಬರೆದ ಕೆಲವು ಪ್ರಬಂಧಗಳಿಗಿಂತ ಅವು ಚೆನ್ನಾಗಿವೆ.

6. ಒಂದು ಶೇಕಡಾವಾರನ್ನು ಒಂದು ಗಂಟೆ ಓದಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21) 18ಕ್ಕೆ ಮುಂಚೆ ಮದುವೆಯಾದವರು ದೇಶದಲ್ಲಿ ಶೇ. 23.3, ಕರ್ನಾಟಕದಲ್ಲಿ ಶೇ. 21.3. ಪತ್ರಿಕೆಗಳು ಇದನ್ನು ‘ಐವರಲ್ಲಿ ಒಬ್ಬ ಬಾಲಕಿಗೆ ಮದುವೆ’ ಎಂದು ಬರೆಯುತ್ತವೆ. ಯಾರನ್ನು ಕೇಳಿದ್ದು? 20ರಿಂದ 24 ವರ್ಷದ ಹೆಂಗಸರನ್ನು. 16ರ ಹುಡುಗಿಯನ್ನು ಕೇಳಿದರೆ ಅವಳಿಗೆ ಇನ್ನೂ ಎರಡು ವರ್ಷ ಬಾಕಿಯಿದೆ, ಲೆಕ್ಕ ಮುಗಿದಿರುವುದಿಲ್ಲ. ಹಾಗಾಗಿ ಈ ಸಂಖ್ಯೆ ಹೇಳುವುದು ಕೆಲವು ವರ್ಷ ಹಿಂದೆ ನಡೆದ ಮದುವೆಗಳನ್ನು. ಇವತ್ತು ಏನಾಗುತ್ತಿದೆ ಎಂದು ತಿಳಿಯಲು ಊರಿಗೇ ಹೋಗಬೇಕು.

7. ಕ್ಷೇತ್ರಕಾರ್ಯಕ್ಕೆ ಕಳಿಸುವ ಮುಂಚೆ 1098 ಕಲಿಸಿ

ವಿದ್ಯಾರ್ಥಿಗಳನ್ನು ಅಂಗನವಾಡಿಗೋ ಶಾಲೆಗೋ ಕಳಿಸಿದರೆ ಮಕ್ಕಳು ಅವರನ್ನು ಅಕ್ಕ, ಅಣ್ಣ ಎಂದು ಹಚ್ಚಿಕೊಳ್ಳುತ್ತವೆ. ಹಚ್ಚಿಕೊಂಡ ಮೇಲೆ ಹೇಳಬಾರದ್ದನ್ನೂ ಹೇಳುತ್ತವೆ. ಮಾಮ ಮುಟ್ಟುತ್ತಾನೆ ಎಂದು ಒಂದು ಮಗು ಹೇಳಿದರೆ ಇಪ್ಪತ್ತು ವರ್ಷದ ಹುಡುಗಿ ಏನು ಮಾಡಬೇಕು? ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಅಪರಾಧ. ಇದನ್ನು ಮುಂಚೆಯೇ ಹೇಳದೆ ಕಳಿಸಿದರೆ ವಿದ್ಯಾರ್ಥಿಯನ್ನೂ ಮಗುವನ್ನೂ ಒಟ್ಟಿಗೆ ಕಷ್ಟಕ್ಕೆ ತಳ್ಳಿದಂತೆ. ಆದ್ದರಿಂದ ನಮ್ಮ ನಿಯಮಗಳು ಗಟ್ಟಿ. ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಮಾತು ಕೊಡಬಾರದು. ತಾನೇ ತನಿಖೆ ಮಾಡಬಾರದು. ಅದೇ ದಿನ ಅಧ್ಯಾಪಕರಿಗೆ ತಿಳಿಸಬೇಕು. ಅಲ್ಲಿಂದ ಮುಂದಿನ ಕೆಲಸ ನಮ್ಮದು, ಪೊಲೀಸರದು, ಮಕ್ಕಳ ಕಲ್ಯಾಣ ಸಮಿತಿಯದು. ಮಕ್ಕಳ ಸಹಾಯವಾಣಿ 1098 ಎಲ್ಲರಿಗೂ ಬಾಯಿಪಾಠ ಇರಬೇಕು. ಫೋಟೊ ಬೇಡ, ವರದಿಯಲ್ಲಿ ಮಗುವಿನ ಹೆಸರು, ಊರು ಬೇಡ. ತಂದೆತಾಯಿ ಒಪ್ಪಿದರೂ ಮಗು ಬೇಡವೆಂದರೆ ಅಲ್ಲಿಗೆ ಮುಗಿಯಿತು.

ಕೇಳುವ ಪ್ರಶ್ನೆಯ ಬಗ್ಗೆಯೂ ಒಂದು ಮಾತು. ‘ದೊಡ್ಡವನಾದ ಮೇಲೆ ಏನಾಗುತ್ತೀಯಾ?’ ಎಂದು ಕೇಳಬಾರದೆಂದು ಹೇಳಿಬಿಡಿ. ಡಾಕ್ಟರ್, ಪೊಲೀಸ್, ಟೀಚರ್, ಮುಗಿಯಿತು. ಗೋಡೆಯ ಮೇಲಿನ ಸಾಲು ಮಗುವಿನ ಬಾಯಲ್ಲಿ ವಾಪಸ್ಸು ಬರುತ್ತದೆ. ‘ನಿನ್ನೆ ಶಾಲೆ ಬಿಟ್ಟ ಮೇಲೆ ಏನೇನು ಮಾಡಿದೆ?’ ಎಂದು ಕೇಳಿದರೆ ದನ ಕಟ್ಟಿದ್ದು, ತಮ್ಮನಿಗೆ ಉಣ್ಣಿಸಿದ್ದು, ಮೊಬೈಲು ನೋಡಿದ್ದು, ಲಗೋರಿಯಲ್ಲಿ ಮೋಸವಾದದ್ದು ಎಲ್ಲ ಬರುತ್ತದೆ. ಊರಿನ ನಕ್ಷೆ ಬರೆಯಲು ಹೇಳಿ, ನೀನೊಬ್ಬಳೇ ಹೋಗುವ ಜಾಗಕ್ಕೆ ಒಂದು ಬಣ್ಣ, ಹೋಗದ ಜಾಗಕ್ಕೆ ಇನ್ನೊಂದು ಎಂದು ಕ್ರೇಯಾನ್ ಕೊಡಿ. ಆರನೇ ತರಗತಿಯ ಹುಡುಗರ ನಕ್ಷೆ ಕೆರೆ ಏರಿಯವರೆಗೆ ಹೋಗಿರುತ್ತದೆ. ಅದೇ ತರಗತಿಯ ಹುಡುಗಿಯರದು ಅಂಗಡಿಗೇ ನಿಂತುಬಿಡುತ್ತದೆ.

ಅಂಗನವಾಡಿಗೆ ಹೋಗುವವರಿಗೆ ಒಂದು ಚರಿತ್ರೆ ತಿಳಿದಿರಲಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ.

8. ಮಕ್ಕಳ ಗ್ರಾಮಸಭೆಗೆ ಹೋಗಿ, ಹಿಂದಿನ ಸಾಲಿನಲ್ಲಿ ಕೂರಿ

ಈ ವಿಷಯದಲ್ಲಿ ಕರ್ನಾಟಕ ಹೊರಗಿನವರಿಂದ ಕಲಿಯುವುದಕ್ಕಿಂತ ಹೊರಗಿನವರಿಗೆ ಕಲಿಸಿದ್ದು ಹೆಚ್ಚು ಎಂದು ನನ್ನ ಅಭಿಪ್ರಾಯ. ದುಡಿಯುವ ಮಕ್ಕಳು 1990ರಲ್ಲಿ ‘ಭೀಮ ಸಂಘ’ ಎಂಬ ತಮ್ಮದೇ ಸಂಘ ಕಟ್ಟಿಕೊಂಡರು. ಅವರ ಬೆನ್ನಿಗೆ ‘ದಿ ಕನ್ಸರ್ನ್ಡ್ ಫಾರ್ ವರ್ಕಿಂಗ್ ಚಿಲ್ಡ್ರನ್’ ಸಂಸ್ಥೆ ನಿಂತಿತು. ಕುಂದಾಪುರದ ಕಡೆ ಮಕ್ಕಳ ಪಂಚಾಯಿತಿಗಳು ನಡೆದವು. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಆದೇಶಿಸಿತು. ಬಾಲ್ಯ ಅಧ್ಯಯನದ ಇಂಗ್ಲಿಷ್ ಪುಸ್ತಕಗಳು ಮಕ್ಕಳ ಭಾಗವಹಿಸುವಿಕೆಯ ಬಗ್ಗೆ ಬರೆಯುವಾಗ ಈ ಹೆಸರುಗಳು ಬರುತ್ತವೆ, ನಮ್ಮ ಪದವಿ ಪಠ್ಯಗಳಲ್ಲಿ ಮಾತ್ರ ಕಾಣಿಸುವುದಿಲ್ಲ.

ಸಭೆಗೆ ಹೋದರೆ ಎರಡು ಬಗೆ ಕಾಣುತ್ತದೆ. ಕೆಲವು ಕಡೆ ಮೇಷ್ಟ್ರು ಬರೆದುಕೊಟ್ಟ ಚೀಟಿಯನ್ನು ಮಗು ಓದಿ ಕೂರುತ್ತದೆ, ಚಪ್ಪಾಳೆ, ಬಿಸ್ಕತ್ತು, ಭಾಷಣ. ಕೆಲವು ಕಡೆ ಏಳನೇ ತರಗತಿಯ ಹುಡುಗಿ ಎದ್ದು ನಿಂತು, ಶೌಚಾಲಯಕ್ಕೆ ನೀರಿಲ್ಲ ಎಂದು ಕಳೆದ ವರ್ಷವೂ ಹೇಳಿದ್ದೆವು, ಏನಾಯಿತು ಎಂದು ಪಿಡಿಒ ಅವರನ್ನು ಕೇಳುತ್ತಾಳೆ. ಅಧ್ಯಕ್ಷರ ಮುಖ ಆಗ ನೋಡಬೇಕು. ವಿದ್ಯಾರ್ಥಿಗಳಿಗೆ ಎರಡನ್ನೂ ದಾಖಲಿಸಲು ಹೇಳಿ. ಯಾರು ಮೊದಲು ಮಾತಾಡಿದರು, ಯಾರು ಪೂರ್ತಿ ಮಾತಾಡಲೇ ಇಲ್ಲ, ಉತ್ತರಕ್ಕೆ ದಿನಾಂಕ ಸಿಕ್ಕಿತೇ.

ಹಿಂದಿರುಗಿದ ಮೇಲೆ ಒಂದು ಚರ್ಚೆ ಏರ್ಪಡಿಸಿ. ಭೀಮ ಸಂಘದ ಕಡೆಯವರು ದುಡಿಮೆಯನ್ನು ಒಂದೇ ಏಟಿಗೆ ನಿಷೇಧಿಸಿದರೆ ದುಡಿಯುವ ಮಗುವಿಗೇ ಪೆಟ್ಟು, ನಮ್ಮನ್ನು ಕೇಳಿ ಎನ್ನುತ್ತಾ ಬಂದವರು. ಹೈದರಾಬಾದಿನ ಎಂ.ವಿ. ಫೌಂಡೇಶನ್ನಿನ ಶಾಂತಾ ಸಿನ್ಹಾ ಅವರ ನಿಲುವು ನೇರ ಎದುರು. ಶಾಲೆಯ ಹೊರಗಿರುವ ಪ್ರತಿ ಮಗುವೂ ಬಾಲಕಾರ್ಮಿಕ, ಬಡತನದ ನೆಪ ಬೇಡ. ಅವರಿಗೆ 2003ರಲ್ಲಿ ಮ್ಯಾಗ್ಸೆಸೆ ಬಂತು, 2007ರಲ್ಲಿ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮೊದಲ ಅಧ್ಯಕ್ಷರಾದರು. ಇಬ್ಬರೂ ಮಕ್ಕಳ ಪರ. ನಾನು ಹೆಚ್ಚು ಸಿನ್ಹಾ ಅವರ ಕಡೆ ವಾಲುತ್ತೇನೆ. ತರಗತಿಯಲ್ಲಿ ಭಾನುವಾರ ಹೋಟೆಲಿನಲ್ಲಿ ದುಡಿದು ಸೋಮವಾರ ಪಾಠಕ್ಕೆ ಬರುವ ಹುಡುಗರು ಒಪ್ಪುವುದಿಲ್ಲ. ಅವರ ವಾದ ಕೇಳಿದ ದಿನ ನನ್ನ ವಾಲಿಕೆ ಸ್ವಲ್ಪ ಕಡಿಮೆಯಾಗುತ್ತದೆ.

9. ಯೌವನಕ್ಕೆ ಅರ್ಧ ಸೆಮಿಸ್ಟರ್ ಉಳಿಸಿ

ಬಾಲ್ಯ ಸಿಹಿಯಾದ ವಿಷಯ, ಅಧ್ಯಾಪಕರು ಅದರಲ್ಲೇ ಇದ್ದುಬಿಡುತ್ತಾರೆ. ಯೌವನದ ಪಾಠಕ್ಕೆ ಬರುವ ಹೊತ್ತಿಗೆ ಇಂಟರ್ನಲ್ಸ್ ಬಂದಿರುತ್ತದೆ. ಆದರೆ ಎದುರಿಗೆ ಕೂತವರೇ ಆ ಪಾಠ. ಪದವಿ ಮುಗಿಸಿ ಧಾರವಾಡದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ರೂಮು ಮಾಡಿಕೊಂಡು ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಎಂದು ವರ್ಷಗಟ್ಟಲೆ ಓದುವ ಅಣ್ಣಂದಿರು ಪ್ರತಿ ಮನೆಯಲ್ಲೂ ಇದ್ದಾರೆ. ಅವರು ನಿರುದ್ಯೋಗಿಗಳೇ, ವಿದ್ಯಾರ್ಥಿಗಳೇ? ಯುವನಿಧಿ ಯೋಜನೆ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ ಎರಡು ವರ್ಷದವರೆಗೆ ಕೊಡುತ್ತದೆ. ಎರಡು ವರ್ಷದ ನಂತರವೂ ಕಾಯುವವರನ್ನು ಯಾವ ಪಟ್ಟಿಗೆ ಸೇರಿಸಬೇಕು? ಮೀರತ್ತಿನ ಇಂಥ ಹುಡುಗರ ಕಾಯುವಿಕೆಯ ಮೇಲೆ ಕ್ರೇಗ್ ಜೆಫ್ರಿ ಬರೆದ ‘ಟೈಂಪಾಸ್’ (2010) ಪುಸ್ತಕವಿದೆ. ಧಾರವಾಡದ ಮೇಲೆ ಅಂಥದೊಂದನ್ನು ಬರೆಯಬೇಕಾದವರು ಈ ತರಗತಿಯಿಂದಲೇ ಬರಬೇಕು.

ಹುಡುಗಿಯರ ಕಾಯುವಿಕೆ ಬೇರೆ. ಅವರಿಗೆ ಪದವಿ ಎಂದರೆ ಮದುವೆಯನ್ನು ಮೂರು ವರ್ಷ ದೂರ ಇಡುವ ದಾರಿ ಎಂದು ಹಲವರು ಬರೆದುಕೊಟ್ಟಿದ್ದಾರೆ. ಹೆಸರಿಲ್ಲದೆ ಬರೆಯಲು ಬಿಡಿ, ಆಗ ಮಾತ್ರ ಬರೆಯುತ್ತಾರೆ.

10. ಪರೀಕ್ಷೆ, ಕೆಲಸ, ಅತಿಥಿಗಳು

‘ಬಾಲ್ಯದ ಅರ್ಥ ಮತ್ತು ಲಕ್ಷಣಗಳನ್ನು ವಿವರಿಸಿ’ ಎಂಬ ಹತ್ತು ಅಂಕದ ಪ್ರಶ್ನೆ ಕೇಳಿದ ದಿನ ಈ ವಿಷಯ ಸತ್ತಿತೆಂದು ತಿಳಿಯಿರಿ. ಆಂತರಿಕ ಅಂಕಗಳಾದರೂ ನಮ್ಮ ಕೈಯಲ್ಲಿವೆ. ನಾವು ಪ್ರತಿಯೊಬ್ಬರಿಂದಲೂ ಒಂದು ದಾಖಲೆ, ಒಂದು ಮಾತುಕತೆ, ಒಂದು ಕಾನೂನು ಇಷ್ಟನ್ನು ಸೇರಿಸಿದ ಐದಾರು ಪುಟ ಬರೆಸುತ್ತೇವೆ. ಅಜ್ಜಿಯ ಟಿ.ಸಿ., ಅಜ್ಜಿಯ ಜೊತೆ ಮಾತು, ಶಾರದಾ ಕಾಯ್ದೆ. ಇಂಟರ್ನೆಟ್ಟಿನಿಂದ ಇಳಿಸಿ ತರಲು ಬರುವುದಿಲ್ಲ.

ಇದನ್ನು ಓದಿದರೆ ಕೆಲಸ ಸಿಗುತ್ತದೆಯೇ ಎಂದು ಪೋಷಕರು ಕೇಳುತ್ತಾರೆ. ಇದೊಂದರಿಂದಲೇ ಸಿಗುವುದಿಲ್ಲ, ಹಾಗೆಂದೇ ಹೇಳಿ. ಅಂಗನವಾಡಿ ಮೇಲ್ವಿಚಾರಕಿ, ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಶಾಲೆ, ವಕೀಲಿಕೆ, ಸಮಾಜಕಾರ್ಯ ಯಾವ ಕಡೆ ಹೋದರೂ ಪಕ್ಕದವರಿಗಿಂತ ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದಷ್ಟೇ ಭರವಸೆ ಕೊಡಬಹುದು.

ವಿಶ್ವವಿದ್ಯಾಲಯಗಳಿಗೆ ಮತ್ತು ಪ್ರಾಂಶುಪಾಲರಿಗೆ ಒಂದು ಕೋರಿಕೆ. ಈ ಪಾಠಕ್ಕೆ ಪ್ರತ್ಯೇಕ ವಿಭಾಗ, ಹುದ್ದೆ, ಕಟ್ಟಡ ಯಾವುದನ್ನೂ ನಾವು ಕೇಳುತ್ತಿಲ್ಲ. ಸೆಮಿಸ್ಟರಿಗೆ ಒಮ್ಮೆ ಅಂಗನವಾಡಿ ಕಾರ್ಯಕರ್ತೆಯೊಬ್ಬರನ್ನು ತರಗತಿಗೆ ಕರೆಯಲು ಅನುಮತಿ ಕೊಡಿ, ಮತ್ತು ಹೊರಗಿನಿಂದ ಬಂದು ಒಂದು ಗಂಟೆ ಉಪನ್ಯಾಸ ಕೊಡುವ ಪ್ರಾಧ್ಯಾಪಕರಿಗೆ ಎಷ್ಟು ಸಂಭಾವನೆ ಕೊಡುತ್ತೀರೋ ಅಷ್ಟನ್ನೇ ಅವರಿಗೂ ಕೊಡಿ. ನಮ್ಮ ತಾಲ್ಲೂಕಿನ ಆರು ವರ್ಷದೊಳಗಿನ ಮಕ್ಕಳ ಬಗ್ಗೆ ನಮ್ಮೆಲ್ಲರಿಗಿಂತ ಹೆಚ್ಚು ತಿಳಿದಿರುವವರು ಅವರೇ.